ಅಗಲ ಪರದೆ ಸರಿ, ಕತ್ತು ತಿರುಗಿಸೋದು ಹೇಗೆ?

ಮಾನ್ಯ ಸಂಪಾದಕರೇ,

ಎರಡು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಕಂಪ್ಯೂಟರ್ ಪರದೆಗಳ ಬಗ್ಗೆ ಒಂದು ಬರಹ ಬಂದಿತ್ತು. ಅಲ್ಟ್ರಾವೈಡ್ ಮಾನಿಟರ್, ಅಂದರೆ ಮಾಮೂಲಿಗಿಂತ ತುಂಬಾ ಅಗಲವಾದ ಪರದೆ, ಇಟ್ಟುಕೊಂಡು ವಿಮಾನದ ಆಟ ಆಡಿದರೆ ಕಾಕ್‌ಪಿಟ್‌ನಲ್ಲೇ ಕೂತ ಹಾಗಿರುತ್ತದೆ ಅಂತ ಅದರಲ್ಲಿ ಒಂದು ಸಾಲು ಇತ್ತು. ಹೋದ ವಾರ ಓದುಗರೊಬ್ಬರು ಅದಕ್ಕೆ ಉತ್ತರವಾಗಿ, ಇದೆಲ್ಲ ಬೆಂಗಳೂರಿನ ದುಡ್ಡಿರುವ ಹುಡುಗರ ಶೋಕಿ, ಪತ್ರಿಕೆಯ ಜಾಗ ದಂಡ ಅಂತ ಬರೆದಿದ್ದರು. ನಾನು ಬೆಂಗಳೂರಿನವನೂ ಅಲ್ಲ, ಹುಡುಗನೂ ಅಲ್ಲ. ಸೋಮವಾರಪೇಟೆ ತಾಲ್ಲೂಕಿನಲ್ಲಿ ಆರು ಎಕರೆ ಕಾಫಿ, ನಡುನಡುವೆ ಮೆಣಸು, ವಯಸ್ಸು ಐವತ್ನಾಲ್ಕು. ದುಡ್ಡಿನ ವಿಷಯ ಬೇಡ ಬಿಡಿ. ಆದರೆ ಅಂಥದ್ದೊಂದು ಪರದೆ ಒಂದೂವರೆ ವರ್ಷದಿಂದ ನನ್ನ ಮನೆಯಲ್ಲಿದೆ, ಹಾಗಾಗಿ ಇಬ್ಬರಿಗೂ ಒಟ್ಟಿಗೇ ಉತ್ತರ ಬರೆಯೋಣ ಅನ್ನಿಸಿತು. ಪತ್ರ ಸ್ವಲ್ಪ ಉದ್ದ ಆಗಬಹುದು. ಮಳೆ ಹಿಡಿದಿದೆ, ತೋಟಕ್ಕೆ ಹೋಗುವ ಹಾಗಿಲ್ಲ, ಆದರೂ ಕರೆಂಟ್ ಇದೆ. ನಮ್ಮ ಕಡೆ ಈ ಎರಡೂ ಒಟ್ಟಿಗೆ ಆಗೋದು ಕಮ್ಮಿ.

ಮೊದಲು, ಕಾಫಿ ತೋಟದವನಿಗೆ ವಿಮಾನದ ಹುಚ್ಚು ಯಾಕೆ ಅನ್ನೋದು. ಕೊಡಗಿನಲ್ಲಿ ರೈಲಿಲ್ಲ, ವಿಮಾನ ನಿಲ್ದಾಣ ಇಲ್ಲ. ಕೂಡಿಗೆಯಲ್ಲಿ ಏರ್‌ಸ್ಟ್ರಿಪ್ ಆಗುತ್ತೆ ಅನ್ನೋ ಮಾತು ಆಗಾಗ ಕೇಳುತ್ತೇವೆ, ಮತ್ತೆ ಮರೆಯುತ್ತೇವೆ. ಆದರೆ ವಿಮಾನದ ಕಥೆಗಳಿಗೆ ಇಲ್ಲಿ ಬರ ಇಲ್ಲ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋಗಿ, ಹಳೆಯ ಮಿಸ್ಟೇರ್ ವಿಮಾನದಲ್ಲೇ ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರನ್ನು ಕೆಡವಿ ವಾಪಸ್ ಬಾರದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ನಮ್ಮವರು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಇಪ್ಪತ್ಮೂರು ವರ್ಷ ಕಳೆದ ಮೇಲೆ. ಅದೇ ಯುದ್ಧದಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಹಂಟರ್ ವಿಮಾನ ಹಾರಿಸುತ್ತಿದ್ದಾಗ ಹೊಡೆತ ತಿಂದು ಪಾಕಿಸ್ತಾನದ ಸೆರೆ ಸೇರಿದ್ದರು. ಈ ಕಥೆಗಳನ್ನು ಕೇಳಿಕೊಂಡು ಬೆಳೆದ ಹುಡುಗನಿಗೆ ಕಾಫಿ ಕಣದಲ್ಲಿ ನಿಂತು ತಲೆ ಮೇಲೆತ್ತುವ ಅಭ್ಯಾಸ ಎಲ್ಲಿ ಹೋಗುತ್ತೆ? ಪೈಲಟ್ ಆಗಲಿಲ್ಲ. ಕನ್ನಡಕ, ಲೆಕ್ಕ, ಅಪ್ಪನ ಸಾಲ, ಏನೇನೋ ಕಾರಣ.

ಕಂಪ್ಯೂಟರಿನಲ್ಲಿ ಹಾರಾಟ ಶುರು ಮಾಡಿದ್ದು ಫ್ಲೈಟ್‌ಗೇರ್ ಅನ್ನೋ ಪುಕ್ಕಟೆ ತಂತ್ರಾಂಶದಲ್ಲಿ, ಆಮೇಲೆ ಎಕ್ಸ್‌ಪ್ಲೇನ್ ಅನ್ನೋ ಇನ್ನೊಂದು ವಿಮಾನದ ಆಟಕ್ಕೆ ಬಂದೆ. 22 ಇಂಚಿನ ಹಳೆ ಪರದೆ. ಕಾಫಿಗೆ ನಾವ್ಯಾರೂ ಕಂಡಿರದ ರೇಟ್ ಬಂತಲ್ಲ, ಆ ವರ್ಷ ಮೈಸೂರಿನ ಒಂದು ಅಂಗಡಿಗೆ ಹೋದೆ. ಅಂಗಡಿ ಹುಡುಗ 34 ಇಂಚಿನ ಬಾಗಿದ ಪರದೆಯಲ್ಲಿ ಕಾರ್ ರೇಸಿನ ವಿಡಿಯೊ ಹಾಕಿ ತೋರಿಸಿದ. ವಿಮಾನ ಇದ್ದರೆ ಹಾಕಪ್ಪ ಅಂದೆ. ಇಲ್ಲ ಸಾರ್, ಎಲ್ಲಾ ಒಂದೇ, ಅಂದ. ಆ ‘ಎಲ್ಲಾ ಒಂದೇ’ ಅನ್ನೋ ಮಾತಿಗೆ ಮೂವತ್ತೆರಡು ಸಾವಿರ ಕೊಟ್ಟು ಡಬ್ಬವನ್ನು ಜೀಪಿನ ಹಿಂದೆ ಗೊಬ್ಬರದ ಚೀಲಗಳ ಮೇಲೆ ಕೂರಿಸಿಕೊಂಡು ಬಂದೆ.

ಮೊದಲ ರಾತ್ರಿಯನ್ನು ಮರೆಯೋ ಹಾಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಸೆಸ್ನಾ 172 ಎತ್ತಿದೆ. ನಾಲ್ಕು ಸೀಟಿನ ಪುಟ್ಟ ವಿಮಾನ, ಇವತ್ತಿನವರೆಗೆ 44 ಸಾವಿರಕ್ಕಿಂತ ಜಾಸ್ತಿ ತಯಾರಾಗಿರುವ, ವಿಮಾನಗಳ ಪೈಕಿ ಅಂಬಾಸಿಡರ್ ಅಂತ ಬೇಕಾದರೆ ಅನ್ನಿ. ಪಶ್ಚಿಮಕ್ಕೆ ತಿರುಗಿಸಿ 8500 ಅಡಿಗೆ ಏರಿಸಿ ಕಣ್ಣೂರಿನ ದಾರಿ ಹಿಡಿದೆ. ಕೆಳಗೆ ನಾಗರಹೊಳೆಯ ಕಾಡು. ಸ್ವಲ್ಪ ಹೊತ್ತಿಗೆ ಪರದೆಯ ಎಡ ಅಂಚಿನ ಕಡೆ ಬ್ರಹ್ಮಗಿರಿ ಎದ್ದಿತು, ಬಲಕ್ಕೆ ದೂರದಲ್ಲಿ ತಡಿಯಂಡಮೋಳ್, ನಮ್ಮ ಜಿಲ್ಲೆಯ ಎತ್ತರದ ಬೆಟ್ಟ, 1748 ಮೀಟರ್. ಎರಡೂ ಒಂದೇ ಸಲ, ಕೈ ಯಾವ ಬಟನ್ನಿಗೂ ಹೋಗದೆ. ಹಳೆ ಪರದೆಯಲ್ಲಿ ಇದನ್ನೇ ನೋಡಬೇಕಿದ್ದರೆ ಜಾಯ್‌ಸ್ಟಿಕ್ಕಿನ ತಲೆ ಮೇಲಿರುವ ಗುಂಡಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಒತ್ತಬೇಕಿತ್ತು, ಒತ್ತಿದ ಕೂಡಲೇ ವೇಗ, ಎತ್ತರ ಎಲ್ಲಾ ತೋರಿಸುವ ಎದುರಿನ ಗಡಿಯಾರಗಳು ಮಾಯ. ಈಗ ಆರೂ ಗಡಿಯಾರ ಕಣ್ಣೆದುರು, ಅವುಗಳ ಮೇಲೆ ಪಶ್ಚಿಮ ಘಟ್ಟ. ಸುಮ್ನೆ ಕೂತು ನೋಡಿದೆ. ಆಟೋಪೈಲಟ್ ಹಾಕಿ ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದೆ, ಬೆಟ್ಟ ಇನ್ನೂ ಅಲ್ಲೇ ಇತ್ತು. ಹಾಗಾಗಿ ಅಗಲ ಪರದೆ ತಂದದ್ದು ತಪ್ಪಾಯಿತು ಅಂತ ನಾನು ಹೇಳುತ್ತಿಲ್ಲ, ಬರಹದವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ.

ಇನ್ನರ್ಧ ಗೊತ್ತಾಗಲು ಮರುದಿನ ಬೆಳಗ್ಗೆವರೆಗೂ ಕಾಯಬೇಕಾಗಲಿಲ್ಲ. ಹೆಂಡತಿ ಬಂದು ನೋಡಿ, “ಮೇಲಿಂದ ಕೆಳಕ್ಕೆ ಮಗಳ ಕಂಪ್ಯೂಟರಿನಷ್ಟೇ ಇದೆಯಲ್ರೀ, ಯಾರೋ ಎರಡು ಕಡೆ ಹಿಡಿದು ಎಳೆದ ಹಾಗಿದೆ” ಅಂದಳು. ಮಗಳದ್ದು 27 ಇಂಚಿನ ಮಾಮೂಲಿ ಪರದೆ. ಟೇಪ್ ತಂದು ಅಳೆದೆವು. ಅದು 60 ಸೆಂಟಿಮೀಟರ್ ಅಗಲ, 34 ಎತ್ತರ. ನನ್ನದು 80 ಅಗಲ, ಎತ್ತರ 33 ಚಿಲ್ಲರೆ. ಅಂದರೆ 34 ಇಂಚು ಅನ್ನೋ ಸಂಖ್ಯೆ ಕೇಳಿ ನಾನು ತಲೆಯಲ್ಲಿ ಕಟ್ಟಿಕೊಂಡಿದ್ದ ದೊಡ್ಡ ಗಾತ್ರ ಸುಳ್ಳು, ಇದು 27 ಇಂಚಿನ ಪರದೆಗೆ ಅಗಲದಲ್ಲಿ ಒಂದು ಗೇಣು ಸೇರಿಸಿದ್ದು, ಅಷ್ಟೇ. ಇಂಚಿನ ಲೆಕ್ಕ ಮೂಲೆಯಿಂದ ಮೂಲೆಗೆ ಇರುತ್ತದೆ. ಉದ್ದ ಎಳೆದಷ್ಟೂ ಇಂಚು ಜಾಸ್ತಿ, ಜಾಗ ಅಷ್ಟೇನೂ ಜಾಸ್ತಿ ಆಗಲ್ಲ. ಅಂಗಡಿಯಲ್ಲಿ ಇದನ್ನು ಯಾರೂ ಹೇಳಲ್ಲ.

ಇಲ್ಲಿಂದ ಮುಂದೆ ಸ್ವಲ್ಪ ಲೆಕ್ಕ ಇದೆ, ಬೇಸರ ಮಾಡಿಕೊಳ್ಳಬೇಡಿ, ನನ್ನ ಮೂರು ವಾರ ಹಾಳಾದದ್ದು ಈ ಲೆಕ್ಕ ಗೊತ್ತಿಲ್ಲದೆ. ಪರದೆಯನ್ನು ಒಂದು ಕಿಟಕಿ ಅಂದುಕೊಳ್ಳಿ. ಕಿಟಕಿಯಿಂದ ದೂರ ನಿಂತರೆ ಅಂಗಳ ಒಂದು ಪಟ್ಟಿ ಕಾಣುತ್ತದೆ, ಸರಳಿಗೆ ಮೂಗು ತಾಗಿಸಿ ನಿಂತರೆ ಆಚೆಮನೆ ಗೇಟಿನವರೆಗೂ ಕಾಣುತ್ತದೆ. ಪರದೆಯಿಂದ 70 ಸೆಂಟಿಮೀಟರ್ ದೂರ ಕೂತರೆ ನನ್ನ ಕಿಟಕಿಯ ಅಗಲ ಸುಮಾರು 60 ಡಿಗ್ರಿ. ಮಗಳ ಪರದೆಯದ್ದು 46. ಲಾಭ ಆದದ್ದು ಹದಿನಾಲ್ಕು ಡಿಗ್ರಿ, ಒಂದೊಂದು ಬದಿಗೆ ಏಳು. ಆದರೆ ಆಟದೊಳಗೆ ಈ ಕೋನವನ್ನು ನಾವು ಎಷ್ಟು ಬೇಕಾದರೂ ಹಿಗ್ಗಿಸಬಹುದು, ಎಕ್ಸ್‌ಪ್ಲೇನ್‌ನಲ್ಲಿ ಡಿಗ್ರಿಯ ಲೆಕ್ಕದಲ್ಲೇ ಕೇಳುತ್ತದೆ, ಮೈಕ್ರೋಸಾಫ್ಟಿನ ಫ್ಲೈಟ್ ಸಿಮ್ಯುಲೇಟರಿನಲ್ಲಿ ಜೂಮ್ ಅಂತ ಒಂದು ಪಟ್ಟಿ ಇರುತ್ತದೆ. ನಾನು ಆಸೆಬುರುಕ. ಹಿಗ್ಗಿಸಿ ಹಿಗ್ಗಿಸಿ ತೊಂಬತ್ತು ಡಿಗ್ರಿಗೆ ತಂದಿಟ್ಟೆ. ಎಡ ರೆಕ್ಕೆ, ಬಲ ರೆಕ್ಕೆ, ಕಿಟಕಿ, ಬಾಗಿಲು ಎಲ್ಲಾ ಕಂಡವು, ಅಬ್ಬಾ ಅನ್ನಿಸಿತು.

ಆಮೇಲೆ ಇಳಿಸಲು ಹೋದೆ. ಕಣ್ಣೂರಿನ ರನ್‌ವೇ 3050 ಮೀಟರ್, ಸೆಸ್ನಾಗೆ ಅದರ ಕಾಲು ಭಾಗವೂ ಬೇಡ, ಅಲ್ಲಿ ಇಳಿಸಲಾರದವನು ಎಲ್ಲೂ ಇಳಿಸಲಾರ. ನಾನು ಇಳಿಸಲಿಲ್ಲ, ಬೀಳಿಸಿದೆ. ಒಂದು ಸಲ ಅಲ್ಲ, ಮೂರು ಸಂಜೆ ಸಾಲಾಗಿ. ನೆಲ ಇನ್ನೂ ಕೆಳಗಿದೆ ಅಂತ ವಿಮಾನದ ಮೂಗು ಎತ್ತದೆ ಬರುತ್ತಿದ್ದೆ, ಅಷ್ಟರಲ್ಲಿ ದಡ್ ಅಂತ ಗಾಲಿ ಬಡಿದು ಮತ್ತೆ ಮೇಲಕ್ಕೆ ನೆಗೆಯುತ್ತಿತ್ತು. 22 ಇಂಚಿನಲ್ಲಿ ನಾಲ್ಕು ವರ್ಷ ಚೆನ್ನಾಗೇ ಇಳಿಸಿಕೊಂಡು ಬಂದವನಿಗೆ ಇದೇನು ಗ್ರಹಚಾರ ಅಂತ ತಲೆ ಕೆಟ್ಟಿತು. ಕಾರಣ ಸರಳ. ತೊಂಬತ್ತು ಡಿಗ್ರಿಯ ನೋಟವನ್ನು ಅರವತ್ತು ಡಿಗ್ರಿಯ ಕಿಟಕಿಯೊಳಗೆ ತುರುಕಿದರೆ ನಡುವೆ ಇರುವುದೆಲ್ಲ ಚಿಕ್ಕದಾಗುತ್ತದೆ. ರನ್‌ವೇ ಇರುವುದು ನಡುವೆಯೇ ಅಲ್ವಾ? ಚಿಕ್ಕದಾಗಿ ಕಂಡದ್ದನ್ನು ಕಣ್ಣು ದೂರ ಅಂದುಕೊಳ್ಳುತ್ತದೆ. ಅಂಚಿನಲ್ಲಿ ಇದಕ್ಕೆ ತಿರುಗುಮುರುಗು, ಅಲ್ಲಿ ಚಿತ್ರ ಹಿಗ್ಗುತ್ತದೆ. ನಡುವಿನಿಂದ ನಲವತ್ತೈದು ಡಿಗ್ರಿ ಪಕ್ಕಕ್ಕೆ ಇರುವ ವಸ್ತು ನಡುವಿನದ್ದಕ್ಕಿಂತ ಎರಡು ಪಟ್ಟು ಅಗಲಕ್ಕೆ ಎಳೆದುಕೊಂಡಿರುತ್ತದೆ. ರೆಕ್ಕೆಯ ಕೆಳಗಿನ ಆಸರೆ ಕಂಬ ಬಾಳೆದಿಂಡಿನ ಹಾಗೆ ಕಾಣುತ್ತಿತ್ತು, ನಾನು ಅದನ್ನು ಪರದೆಯ ಬಾಗಿನ ಮಹಿಮೆ ಅಂದುಕೊಂಡಿದ್ದೆ. ಬಾಗಿಗೂ ಇದಕ್ಕೂ ಸಂಬಂಧ ಇಲ್ಲ. 1500ಆರ್ ಅಂತ ಡಬ್ಬದ ಮೇಲೆ ಬರೆದಿರುತ್ತಾರಲ್ಲ, ಅದು ಒಂದೂವರೆ ಮೀಟರ್ ತ್ರಿಜ್ಯದ ವೃತ್ತದ ತುಂಡು ಅಂತ ಮಾತ್ರ. ಪರದೆ ಬಾಗಿದ್ದರೂ ಆಟ ಚಿತ್ರ ಬರೆಯೋದು ಸಪಾಟು ಹಲಗೆಗೆ ಬರೆದ ಹಾಗೆಯೇ.

ಡಿಗ್ರಿಯನ್ನು ಅರವತ್ತೈದಕ್ಕೆ ಇಳಿಸಿದೆ. ಮಾರನೆ ದಿನವೇ ಇಳಿಯೋದು ಸರಿಯಾಯಿತು. ರನ್‌ವೇ ಪಕ್ಕದಲ್ಲಿ ನಾಲ್ಕು ದೀಪಗಳಿರುತ್ತವೆ, ಎರಡು ಬಿಳಿ ಎರಡು ಕೆಂಪು ಕಂಡರೆ ಇಳಿಜಾರು ಸರಿ ಇದೆ ಅಂತ ಲೆಕ್ಕ, ಅವೂ ದೂರದಿಂದಲೇ ಸ್ಪಷ್ಟ ಕಾಣತೊಡಗಿದವು. ಆದರೆ ಅರವತ್ತೈದಕ್ಕೆ ಇಳಿಸಿದ ಮೇಲೆ ರೆಕ್ಕೆ ಹೋಯಿತು, ಬಾಗಿಲು ಹೋಯಿತು. ಯಾವುದಕ್ಕೆ ಅಂತ ದುಡ್ಡು ಕೊಟ್ಟಿದ್ದೆನೋ ಅದೇ ಹೋಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಕ್ಕನ ಮಗ ಹೊರರಾಜ್ಯದಲ್ಲಿ ವಿಮಾನ ಕಲಿಯುತ್ತಿದ್ದಾನೆ, ಇನ್ನೂರು ಗಂಟೆ ಹಾರಿದರೆ ಕಮರ್ಷಿಯಲ್ ಲೈಸೆನ್ಸಿಗೆ ಅರ್ಜಿ ಹಾಕಬಹುದು, ಅವನದ್ದು ಅರ್ಧ ಆಗಿದೆ. ಹುತ್ತರಿ ಹಬ್ಬಕ್ಕೆ ಮನೆಗೆ ಬಂದವನಿಗೆ ಹೆಮ್ಮೆಯಿಂದ ತೋರಿಸಲು ಕೂತೆ. ಮಂಡಕಳ್ಳಿಯಲ್ಲೇ ಎದ್ದು, ನಿಲ್ದಾಣಕ್ಕೆ ಒಂದು ಸುತ್ತು ಹಾಕಿ ಇಳಿಸೋದು. ಎದ್ದು, ಎಡಕ್ಕೆ ತಿರುಗಿ, ಮತ್ತೆ ಎಡಕ್ಕೆ ತಿರುಗಿ, ರನ್‌ವೇಗೆ ಸಮಾನಾಂತರವಾಗಿ ವಾಪಸ್ ಬರುತ್ತಿದ್ದೆ. ಅವನು ಹಿಂದೆ ಬಾಗಿಲಿಗೆ ಒರಗಿ ನಿಂತು ಅಕ್ಕಿರೊಟ್ಟಿ ತಿನ್ನುತ್ತಿದ್ದ.

“ಮಾವ, ರನ್‌ವೇ ಎಲ್ಲಿದೆ?”

“ಎಡಗಡೆ ಹಿಂದೆ ಇರಬೇಕು ಕಣೋ.”

“ಇರಬೇಕು ಅಂದ್ರೆ? ನೋಡಿ ಹೇಳಿ.”

ನೋಡಲು ಎಲ್ಲಿ ಆಗುತ್ತದೆ! ಪರದೆಯ ಎಡ ಅಂಚು ಮುಗಿಯೋದೇ ಮೂಗಿನ ನೇರದಿಂದ ಮೂವತ್ತೆರಡು ಡಿಗ್ರಿಗೆ. ಅವನು ಹೇಳಿದ್ದು ಇಷ್ಟು. ಈ ಹಂತದಲ್ಲಿ ಪೈಲಟ್ ಎಡ ಭುಜದ ಮೇಲಿಂದ ಹಿಂದಕ್ಕೆ ನೋಡುತ್ತಾ ಇರಬೇಕು. ರನ್‌ವೇಯ ತುದಿ ರೆಕ್ಕೆಯಿಂದ ನಲವತ್ತೈದು ಡಿಗ್ರಿ ಹಿಂದಕ್ಕೆ ಸರಿದಾಗ ಮುಂದಿನ ತಿರುವು. ಅಂದರೆ ಮೂಗಿನಿಂದ ನೂರ ಮೂವತ್ತೈದು ಡಿಗ್ರಿ. “ಮಾವ, ಐದಡಿ ಅಗಲದ ಪರದೆ ತಂದ್ರೂ ನಿಮಗೆ ಅದು ಕಾಣಲ್ಲ. ನಿಮಗೆ ಬೇಕಾಗಿರೋದು ಅಗಲ ಅಲ್ಲ, ಕತ್ತು.” ಹೇಳಿ ಇನ್ನೊಂದು ರೊಟ್ಟಿ ತರಲು ಒಳಗೆ ಹೋದ. ನಾನು ಅಂದಾಜಿನಲ್ಲಿ ತಿರುಗಿಸಿ, ರನ್‌ವೇಯನ್ನು ಎಡಕ್ಕೆ ಬಿಟ್ಟು ಯಾವುದೋ ಹೊಲದ ಮೇಲೆ ಹೋಗುತ್ತಿದ್ದೆ.

ಆ ಕತ್ತಿಗೆ ನಾನು ಖರ್ಚು ಮಾಡಿದ್ದು ಎಷ್ಟು ಗೊತ್ತೇ? ಸೊನ್ನೆ. ಕೊರೋನಾ ಕಾಲದಲ್ಲಿ ಮಗಳ ಆನ್‌ಲೈನ್ ಕ್ಲಾಸಿಗೆ ತಂದಿದ್ದ ವೆಬ್‌ಕ್ಯಾಮ್ ಬೀರುವಿನಲ್ಲಿ ಬಿದ್ದಿತ್ತು. ಓಪನ್‌ಟ್ರ್ಯಾಕ್ ಅನ್ನೋ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ವೆಬ್‌ಕ್ಯಾಮ್ ನಮ್ಮ ಮುಖ ನೋಡಿಕೊಂಡು ತಲೆ ಎತ್ತ ತಿರುಗಿತು ಅಂತ ಲೆಕ್ಕ ಹಾಕಿ ಆಟಕ್ಕೆ ಹೇಳುತ್ತದೆ. ತಲೆಯನ್ನು ಇಪ್ಪತ್ತು ಡಿಗ್ರಿ ತಿರುಗಿಸಿದರೆ ಆಟದೊಳಗಿನ ತಲೆ ತೊಂಬತ್ತೋ ನೂರ ಮೂವತ್ತೋ ತಿರುಗುವ ಹಾಗೆ ತಂತ್ರಾಂಶದಲ್ಲೇ ಹೊಂದಿಸಿ ಇಡಬಹುದು, ಹಾಗಾಗಿ ಕಣ್ಣು ಪರದೆ ಬಿಟ್ಟು ಹೋಗಲ್ಲ. ಮೊದಲ ಎರಡು ದಿನ ತಲೆಸುತ್ತು ಬಂದ ಹಾಗಾಯಿತು, ಕೋಣೆಯ ಟ್ಯೂಬ್‌ಲೈಟ್ ಬೆನ್ನ ಹಿಂದೆ ಇದ್ದದ್ದರಿಂದ ಕ್ಯಾಮೆರಾಗೆ ಮುಖ ಸರಿಯಾಗಿ ಸಿಗದೆ ವಿಮಾನದೊಳಗೆ ನನ್ನ ತಲೆ ಪಿಶಾಚಿ ಹಿಡಿದವರ ಹಾಗೆ ಅದುರುತ್ತಿತ್ತು. ದೀಪವನ್ನು ಎದುರುಗಡೆಗೆ ಹಾಕಿಸಿದೆ, ಸರಿಹೋಯಿತು. ಈಗ ಭುಜದ ಮೇಲಿಂದ ನೋಡಿ, ರನ್‌ವೇ ತುದಿ ಎಲ್ಲಿಗೆ ಬಂತು ಅಂತ ಕಂಡೇ ತಿರುಗಿಸುತ್ತೇನೆ. ಇದಕ್ಕೇ ಇನ್‌ಫ್ರಾರೆಡ್ ಕ್ಯಾಮೆರಾ, ಟೋಪಿಗೆ ಸಿಕ್ಕಿಸುವ ಮೂರು ದೀಪದ ಕ್ಲಿಪ್ ಎಲ್ಲಾ ಬರುತ್ತವೆ, ಕತ್ತಲೆ ಕೋಣೆಯಲ್ಲೂ ಚೆನ್ನಾಗಿ ಕೆಲಸ ಮಾಡುತ್ತವೆ, ದುಡ್ಡಿರುವವರು ತಗೊಳ್ಳಲಿ.

ನಾನು ಹೇಳಬೇಕೆಂದಿದ್ದು ಇದೇ, ಸಂಪಾದಕರೇ. ಕಾಕ್‌ಪಿಟ್‌ನಲ್ಲಿ ಕೂತ ಹಾಗೆ ಆಗೋದು ಅಗಲದಿಂದ ಅಲ್ಲ, ತಲೆ ತಿರುಗಿದಾಗ ನೋಟ ತಿರುಗೋದರಿಂದ. ಕತ್ತು ಬಂದ ಮೇಲೆ ಅಗಲದ ನಿಜವಾದ ಸುಖ ಗೊತ್ತಾಯಿತು. ತಿರುಗಿದಾಗ ರೆಕ್ಕೆಯ ತುದಿಯಿಂದ ಬಾಲದವರೆಗೆ ಒಂದೇ ಚೌಕಟ್ಟಿನಲ್ಲಿ ಸಿಗುತ್ತದೆ, ಕಣ್ಣಂಚಿನಲ್ಲಿ ದಿಗಂತ ಜಾರಿದ್ದು ತಿಳಿಯುತ್ತದೆ, ಓರೆ ಆಯಿತು ಅಂತ ಗಡಿಯಾರ ನೋಡುವ ಮೊದಲೇ ಕೈ ಸರಿಮಾಡಿರುತ್ತದೆ. ಆದರೆ ಮೂವತ್ತೆರಡು ಸಾವಿರ ಮೊದಲು ಕೊಟ್ಟು, ಪುಕ್ಕಟೆ ಸಿಗುವುದನ್ನು ಹತ್ತು ತಿಂಗಳ ಮೇಲೆ ಹಾಕಿಕೊಂಡೆನಲ್ಲ, ಆ ಸಂಕಟ. ನಿಮ್ಮ ಬರಹದಲ್ಲಿ ಈ ಒಂದು ಸಾಲು ಇದ್ದಿದ್ದರೆ ಎಷ್ಟು ಜನ ಮೊದಲು ಮನೆಯ ಬೀರು ತೆಗೆದು ನೋಡುತ್ತಿದ್ದರೋ.

ಮೂರು ಮಾಮೂಲಿ ಪರದೆ ಪಕ್ಕಪಕ್ಕ ಇಡೋದು ಒಳ್ಳೆಯದಾ ಅಂತ ನನ್ನನ್ನು ಕೇಳಿದವರಿದ್ದಾರೆ. ಎಕ್ಸ್‌ಪ್ಲೇನ್ ಆಡುವವರಾದರೆ ಅದರಲ್ಲಿ ಒಂದು ನ್ಯಾಯ ಇದೆ, ಯಾಕೆಂದರೆ ಮೂರಕ್ಕೂ ಬೇರೆ ಬೇರೆ ಕೋನದ ಚಿತ್ರ ಕೊಡಬಹುದು, ಅಂಚು ಹಿಗ್ಗುವ ಕಾಟ ಕಮ್ಮಿ. ಆದರೆ ಮೂರು ಪರದೆ, ಮೂರು ಕೇಬಲ್, ನಡುವೆ ಎರಡು ಕಪ್ಪು ಕಂಬ. ನಮ್ಮ ಹಳೇ ಮನೆಯ ಕೋಣೆಯಲ್ಲಿ ಅಷ್ಟು ಉದ್ದದ ಮೇಜಿಗೆ ಗೋಡೆಯೇ ಇಲ್ಲ.

ಕಂಪ್ಯೂಟರಿನ ಶಕ್ತಿಯ ಬಗ್ಗೆಯೂ ಒಂದು ಮಾತು. ಹಳೆಯ ಪರದೆಯಲ್ಲಿ ಚಿತ್ರ ಮೂಡಿಸುವ ಚುಕ್ಕಿಗಳು, ಅಂದರೆ ಪಿಕ್ಸೆಲ್, ಸುಮಾರು 20.7 ಲಕ್ಷ. 3440 ಅಡ್ಡ, 1440 ಉದ್ದದ ಈ ಪರದೆಯಲ್ಲಿ 49.5 ಲಕ್ಷ. ಚಿತ್ರ ತಯಾರಿಸುವ ಅದೇ ಗ್ರಾಫಿಕ್ಸ್ ಕಾರ್ಡಿಗೆ ಎರಡು ಪಟ್ಟಿಗಿಂತ ಜಾಸ್ತಿ ಕೆಲಸ. ತಂದ ಹೊಸದರಲ್ಲಿ ಆಟದೊಳಗೆ ಮೋಡ ಇದ್ದಾಗ ಹಾರಿಸಿದರೆ ವಿಮಾನ ಎತ್ತಿನ ಗಾಡಿ ಆಗಿತ್ತು. ಮೋಡದ ಗುಣಮಟ್ಟ ಇಳಿಸಿ, ನೆರಳು ಇಳಿಸಿ, ಸೆಕೆಂಡಿಗೆ ಮೂವತ್ತು ಚಿತ್ರಕ್ಕೆ ತಂದುಕೊಂಡೆ. ವಿಮಾನದ ಆಟಕ್ಕೆ ಅಷ್ಟು ಸಾಕು, ಗುಂಡು ಹೊಡೆಯೋ ಆಟದ ಹಾಗಲ್ಲ. ಹಾಗಾಗಿ 165 ಹರ್ಟ್ಸ್, ಅಂದರೆ ಸೆಕೆಂಡಿಗೆ 165 ಸಲ ಚಿತ್ರ ಬದಲಾಗುತ್ತೆ, ಅಂತ ಅಂಗಡಿಯವರು ಕೂಗಿದರೆ ಅದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಇನ್ನೊಂದು ತಮಾಷೆ, ನನ್ನ ಹಳೆ ಕಾರ್ಡಿನ ಎಚ್‌ಡಿಎಂಐ ಕಿಂಡಿಯಲ್ಲಿ ಈ ಪರದೆ ಐವತ್ತು ಹರ್ಟ್ಸ್ ಮೇಲೆ ಹೋಗಲೇ ಇಲ್ಲ. ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿದ ಮೇಲೆ ಹೋಯಿತು, ಆ ಕೇಬಲ್ ಡಬ್ಬದಲ್ಲೇ ಪ್ಲಾಸ್ಟಿಕ್ ಬಿಚ್ಚದೆ ಬಿದ್ದಿತ್ತು. ಅಗ್ಗಕ್ಕೆ ಸಿಗುತ್ತೆ ಅಂತ 34 ಇಂಚಿನಲ್ಲೇ 2560 ಅಡ್ಡ 1080ರದ್ದು ತಗೊಳ್ಳಬೇಡಿ. ಅಷ್ಟೇ ಜಾಗಕ್ಕೆ ಚುಕ್ಕಿ ಕಮ್ಮಿ, ಗಡಿಯಾರದ ಅಂಕಿ ಓದಲು ಕನ್ನಡಕ ಒರೆಸುತ್ತಾ ಕೂರಬೇಕು. ಒಂದೊಂದು ಚುಕ್ಕಿಯೂ ತಾನೇ ಬೆಳಗುವ ಒಎಲ್ಇಡಿ ಪರದೆ ತುಂಬಾ ಚಂದ, ರಾತ್ರಿ ಹಾರಾಟಕ್ಕೆ ಅದನ್ನು ಮೀರಿಸಿದ್ದಿಲ್ಲ, ಆದರೆ ನಮ್ಮ ಆಟದಲ್ಲಿ ಗಡಿಯಾರಗಳ ಫಲಕ ಗಂಟೆಗಟ್ಟಲೆ ಒಂದೇ ಜಾಗದಲ್ಲಿ ನಿಂತಿರುತ್ತದೆ, ಅದರ ಅಚ್ಚು ಪರದೆಯ ಮೇಲೆ ಉಳಿದುಬಿಡುವ ಭಯ ಇದೆ.

ಇನ್ನು ಕರೆಂಟು. ಬೆಂಗಳೂರಿನವರು ಬರೆದ ಬರಹಗಳಲ್ಲಿ ಕರೆಂಟು ಅನ್ನೋ ಪದವೇ ಇರಲ್ಲ, ನನಗೆ ಅದೇ ಸಿಟ್ಟು. ಇಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕಾಲದಿಂದಲೇ ಗುಡುಗು ಸಿಡಿಲು ಶುರು. ಏಪ್ರಿಲ್‌ನ ಒಂದು ಸಂಜೆ ಕಣ್ಣೂರಿಗೆ ಇಳಿಯುತ್ತಾ ಇದ್ದೆ, ಐನೂರು ಅಡಿ, ವೇಗ ಅರವತ್ತೈದು ನಾಟ್, ಎಲ್ಲಾ ಅಚ್ಚುಕಟ್ಟು. ಫಟ್ ಅಂತ ಒಂದು ಬೆಳಕು, ತೋಟದ ಆಚೆ ಎಲ್ಲೋ ಬಿತ್ತು. ಪರದೆ ಕಪ್ಪಾಯಿತು, ಮತ್ತೆ ಹತ್ತಲಿಲ್ಲ. ಸುಟ್ಟ ವಾಸನೆ ಬಂದದ್ದು ಪರದೆಯ ಅಡಾಪ್ಟರಿನಿಂದ. ಕಂಪನಿಗೆ ಫೋನ್ ಮಾಡಿದರೆ, ನಿಮ್ಮ ಪಿನ್‌ಕೋಡಿಗೆ ಮನೆಗೆ ಬರುವ ಸೇವೆ ಇಲ್ಲ, ಮೂಲ ಡಬ್ಬದಲ್ಲಿ ಹಾಕಿ ಮೈಸೂರಿಗೆ ತನ್ನಿ ಅಂದರು. ಮೂಲ ಡಬ್ಬದಲ್ಲಿ ಆಗ ಕೋಳಿ ಮರಿಗಳಿದ್ದವು. ಮರಿಗಳನ್ನು ಬುಟ್ಟಿಗೆ ವರ್ಗಾಯಿಸಿ, ಡಬ್ಬ ಒರೆಸಿ, ಮೈಸೂರಿಗೆ ಹೋದರೆ ಸಿಡಿಲಿಗೆ ವಾರಂಟಿ ಇಲ್ಲ ಅಂದರು. ಆ ನಿಯಮ ಇರಬಹುದು, ಅದಕ್ಕೆ ನನ್ನ ತಕರಾರಿಲ್ಲ. ಅದನ್ನು ಫೋನಿನಲ್ಲೇ ಹೇಳಿದ್ದರೆ ಒಂದು ದಿನದ ಕೆಲಸ, ಜೀಪಿನ ಡೀಸೆಲ್ ಉಳಿಯುತ್ತಿತ್ತು. ಅಡಾಪ್ಟರನ್ನು ಕೈಯಿಂದ ದುಡ್ಡು ಹಾಕಿ ತಂದೆ, ಪುಣ್ಯಕ್ಕೆ ಪರದೆ ಉಳಿದಿತ್ತು.

ಆಮೇಲೆ ಬುದ್ಧಿ ಬಂದು ಎಲೆಕ್ಟ್ರಿಷಿಯನ್ ಕರೆಸಿದೆ. ಅರ್ತಿಂಗ್ ಗುಂಡಿ ಒಣಗಿ ಹೋಗಿತ್ತು, ಇದ್ದಿಲು ಉಪ್ಪು ಹಾಕಿ ಹೊಸದು ಮಾಡಿಸಿದೆ, ಮೀಟರ್ ಬೋರ್ಡಿನಲ್ಲಿ ಸರ್ಜ್, ಅಂದರೆ ವೋಲ್ಟೇಜ್ ದಿಢೀರ್ ಏರೋದನ್ನು, ತಡೆಯುವ ಸಾಧನ ಹಾಕಿಸಿದೆ. ಅದಿದ್ದರೂ ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳೋದೇ ಖಚಿತ ಉಪಾಯ. ಇನ್ವರ್ಟರ್ ಇರುವವರು ಅದರ ಹಿಂದೆ ಒಂದು ಪುಟ್ಟ ಸ್ವಿಚ್ ಇದೆಯಾ ನೋಡಿ, ಯುಪಿಎಸ್ ಅಂತ ಬರೆದ ಕಡೆಗೆ ತಳ್ಳಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವ ಆ ಒಂದು ಕ್ಷಣಕ್ಕೇ ಕಂಪ್ಯೂಟರ್ ಕೂತುಬಿಡುತ್ತದೆ, ಫ್ಯಾನಿಗೆ ಗೊತ್ತೂ ಆಗಲ್ಲ. ನನ್ನದು ಎರಡು ವರ್ಷದಿಂದ ತಪ್ಪು ಕಡೆಗೇ ಇತ್ತು.

ಇಂಟರ್ನೆಟ್ಟಿನದ್ದೂ ಅದೇ ಕಥೆ. ಮೈಕ್ರೋಸಾಫ್ಟಿನ ಸಿಮ್ಯುಲೇಟರ್ 1982ರಿಂದ ಇದೆ, ಆದರೆ 2020ರ ಆವೃತ್ತಿಯಿಂದ ನೆಲದ ಚಿತ್ರವನ್ನು ಹಾರುತ್ತಿರುವಾಗಲೇ ಇಂಟರ್ನೆಟ್ಟಿನಿಂದ ಎಳೆದುಕೊಳ್ಳುತ್ತದೆ. ಲೈನ್ ಚೆನ್ನಾಗಿದ್ದ ದಿನ ನಮ್ಮ ತೋಟದ ಶೀಟ್ ಮನೆಯ ಮಾಡು ಕೂಡ ಕಂಡಿದೆ, ಮಳೆಗಾಲದಲ್ಲಿ ಲೈನ್ ಕೈಕೊಟ್ಟರೆ ಚಿತ್ರ ಬಾರದೆ ಹಾರಂಗಿ ಜಲಾಶಯ ಹಸಿರು ಕಂಬಳಿ ಹೊದ್ದುಕೊಂಡಿರುತ್ತದೆ. ಎಕ್ಸ್‌ಪ್ಲೇನ್‌ನಲ್ಲಿ ನೆಲದ ಚಿತ್ರ ಒಮ್ಮೆ ಇಳಿಸಿಕೊಂಡರೆ ಮುಗಿಯಿತು. ಮರ ಬಿದ್ದು ವಾರಗಟ್ಟಲೆ ಲೈನ್ ಹೋಗುವ ಊರಿಗೆ ಅದೇ ವಾಸಿ.

ಇನ್ನು ಶೋಕಿ ಅಂದ ಓದುಗರಿಗೆ. ಶೋಕಿ ಹೌದು, ಇಲ್ಲ ಅಂದವರ್ಯಾರು? ಮನೆಯಲ್ಲಿ ಹಾರಿಸಿದ ಗಂಟೆಗಳನ್ನು ಲೈಸೆನ್ಸಿಗೆ ಯಾರೂ ಲೆಕ್ಕ ಹಿಡಿಯಲ್ಲ, ನಾನು ಯಾವ ಪರೀಕ್ಷೆಗೂ ಕೂರುತ್ತಿಲ್ಲ. ಆದರೆ ಇದು ಹುಡುಗಾಟ ಅಂತ ತಳ್ಳಿಹಾಕುವುದು ಸರಿಯಲ್ಲ. ಅಮೆರಿಕದಲ್ಲಿ ಎಡ್ವಿನ್ ಲಿಂಕ್ ಅಂತ ಒಬ್ಬ, ಅವನ ಅಪ್ಪನದ್ದು ಆರ್ಗನ್ ವಾದ್ಯ ಮಾಡುವ ಕಾರ್ಖಾನೆ. 1929ರಲ್ಲಿ ಆ ವಾದ್ಯದ ತಿದಿಗಳನ್ನೇ ಕೆಳಗೆ ಜೋಡಿಸಿ ಓಲಾಡುವ ಒಂದು ಪೆಟ್ಟಿಗೆ ವಿಮಾನ ಮಾಡಿದ. ಮೊದಮೊದಲು ಅದನ್ನು ಜಾತ್ರೆ ಮೈದಾನಗಳಿಗೆ ಮಾರಿದ, ಮಕ್ಕಳಾಟ ಅಂತಲೇ ಜನ ನಕ್ಕಿದ್ದು. ಆಮೇಲೆ ಸೈನ್ಯವೇ ಬಂದು ಕೊಂಡಿತು, ಎರಡನೇ ಮಹಾಯುದ್ಧದ ಪೈಲಟ್‌ಗಳು ಅದರಲ್ಲಿ ಮುಚ್ಚಳ ಹಾಕಿಕೊಂಡು ಕೂತು, ಹೊರಗಿನದ್ದು ಏನೂ ಕಾಣದೆ ಬರೀ ಗಡಿಯಾರ ನೋಡಿ ಹಾರೋದು ಕಲಿತರು. ಕಿಟಕಿಯೇ ಇಲ್ಲದ ಪೆಟ್ಟಿಗೆ! ನನ್ನ 34 ಇಂಚಿನ ಗೋಳು ಕೇಳಿದ್ದರೆ ಅವರು ಏನನ್ನುತ್ತಿದ್ದರೋ.

ಕೊನೆಗೆ ಒಂದು ಕೋರಿಕೆ. ಇಂಥ ಸಾಮಾನುಗಳ ಬಗ್ಗೆ ಮುಂದೆ ಬರೆಸುವಾಗ ಜಿಲ್ಲೆಯ ಊರುಗಳಲ್ಲಿ ಇರುವವರನ್ನೂ ಒಂದು ಮಾತು ಕೇಳಿಸಿ. ಸರ್ವಿಸ್ ಎಲ್ಲಿಯವರೆಗೆ ಬರುತ್ತದೆ, ವೋಲ್ಟೇಜ್ ಏರಿಳಿದರೆ ಏನಾಗುತ್ತದೆ, ಅಂಗಡಿಯಲ್ಲಿ ನಮ್ಮದೇ ಆಟ ಹಾಕಿ ಹತ್ತು ನಿಮಿಷ ಕೂರಲು ಬಿಡುತ್ತಾರಾ, ಇವು ನಮಗೆ ಹರ್ಟ್ಸಿಗಿಂತ ಮುಖ್ಯ. ಆ ಬರಹ ಬರೆದವರು ಈ ಕಡೆ ಬಂದರೆ ನಮ್ಮ ಮನೆಗೆ ಬರಲಿ, ಮಂಡಕಳ್ಳಿಯಿಂದ ಕಣ್ಣೂರಿಗೆ ನಲವತ್ತು ನಿಮಿಷ, ಎಡ ಸೀಟು ಅವರಿಗೇ.

ಮತ್ತೆ ಓದುಗರಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ: ಈ ತೇವಕ್ಕೆ ಜಾಯ್‌ಸ್ಟಿಕ್ಕಿನ ಹಿಡಿಗೆ ಬೂಷ್ಟು ಬರುತ್ತಿದೆ, ಒಳಗೆ ಕೂಡ ಏನೋ ಆಗಿ ಕೈ ಬಿಟ್ಟರೂ ವಿಮಾನ ಬಲಕ್ಕೆ ವಾಲುತ್ತದೆ. ಅಕ್ಕಿ ಡಬ್ಬದಲ್ಲಿ ಹೂತಿಟ್ಟು ನೋಡಿದೆ, ಹೆಂಡತಿ ಬೈದಳು. ಕ್ಯಾಮೆರಾದವರು ಸಿಲಿಕಾ ಜೆಲ್ ಅಂತಾರೆ. ಅದರ ಪುಟ್ಟ ಪೊಟ್ಟಣ ಎಷ್ಟು ಹಾಕಬೇಕು, ಎಷ್ಟು ದಿನಕ್ಕೆ ಬದಲಿಸಬೇಕು?

ಇಂತಿ,
ಸೋಮವಾರಪೇಟೆ ತಾಲ್ಲೂಕಿನ ಒಬ್ಬ ಕಾಫಿ ಬೆಳೆಗಾರ